ಫೋರ್ಸೈತ್ ಕೌಂಟಿಲಿ ನಮ್ಮೋರ ಹೆಸ್ರು ವೋಟರ್ ಲಿಸ್ಟ್‌ಗೆ ಹತ್ತಿಸೋ ಕೆಲ್ಸ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಟ್ಲಾಂಟಾದಿಂದ ಉತ್ತರಕ್ಕೆ ಹೋದ್ರೆ ಫೋರ್ಸೈತ್ ಕೌಂಟಿ ಸಿಗುತ್ತೆ, ನಾವಿರೋದು ಅಲ್ಲೇ. ಹೊಸದಾಗಿ ಸಿಟಿಜನ್ ಆದ ನಮ್ ಕನ್ನಡದೋರಿಗೆ ವೋಟರ್ ರಿಜಿಸ್ಟ್ರೇಷನ್ ಮಾಡಿಸ್ತೀನಿ, ಎಲೆಕ್ಷನ್ ಬಂದಾಗ ವಯಸ್ಸಾದೋರನ್ನ ಬೂತಿಗೆ ಕರ್ಕೊಂಡು ಹೋಗ್ತೀನಿ. ಯಾವ ಪಾರ್ಟಿ ಪರವಾಗೂ ಅಲ್ಲ, ಯಾರಿಗೆ ಹಾಕ್ತೀರಾ ಅಂತ ನಾನು ಕೇಳೋದೂ ಇಲ್ಲ, ಅವ್ರು ಹೇಳೋಕೆ ಬಂದ್ರೂ ಬೇಡ ಅಂತೀನಿ. ಹೇಗೆ ಮಾಡ್ತೀರಾ, ನಮ್ಮೂರಲ್ಲೂ ಮಾಡ್ಬೇಕು ಅಂತ ಬೇರೆ ಸ್ಟೇಟಿನ ಒಂದಿಬ್ರು ಕೇಳಿದ್ರು, ಅದಕ್ಕೆ ಬರೀತಿದೀನಿ.

ಈ ಕೆಲ್ಸದಲ್ಲಿ ಮುಕ್ಕಾಲು ಭಾಗ ಹೆಸರಿನ ರಗಳೆ. ನಮ್ಮೋರಲ್ಲಿ ಸರ್‌ನೇಮ್ ಅನ್ನೋದೇ ಸುಮಾರು ಜನಕ್ಕೆ ಇಲ್ಲ. ಊರಲ್ಲಿ ಎಚ್.ಎಸ್. ಅಂತ ಎರಡು ಇನಿಷಿಯಲ್ ಹಾಕಿ ಆರಾಮಾಗಿದ್ದೋರು ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನ ಬಿಡಿಸಿ ಬರೀತಾರೆ, ಆಗ ಊರಿನ ಹೆಸ್ರು ಹೋಗಿ ಲಾಸ್ಟ್ ನೇಮ್ ಆಗುತ್ತೆ, ಇಲ್ಲಿ ಬ್ಯಾಂಕಿನೋರು ಫೋನ್ ಮಾಡಿ ಮಿಸ್ಟರ್ ಹೊಳೆನರಸೀಪುರ ಅಂತಾರೆ. ಇನ್ನು ಪಾಸ್‌ಪೋರ್ಟಲ್ಲಿ ಒಂದೇ ಹೆಸ್ರಿದ್ದೋರಿಗೆ ವೀಸಾದಲ್ಲಿ ಎಫ್‌ಎನ್‌ಯು ಅಂತ ಬರುತ್ತೆ, ಅಂದ್ರೆ ಮೊದಲ ಹೆಸ್ರು ಗೊತ್ತಿಲ್ಲ ಅಂತ, ಅದು ಹಾಗೇ ಡ್ರೈವಿಂಗ್ ಲೈಸೆನ್ಸ್‌ಗೂ ಹತ್ತಿಬಿಡುತ್ತೆ. ಮೂರು ಕಾರ್ಡು, ಮೂರು ಹೆಸ್ರು, ಒಬ್ಬನೇ ಮನುಷ್ಯ. ಸಿಟಿಜನ್ ಆಗುವಾಗ ಬೇಕಾದ್ರೆ ಹೆಸ್ರು ಸರಿಮಾಡಿಸ್ಕೋಬೋದು, ಅದನ್ನ ಮುಂಚೆನೇ ಹೇಳೋರು ಯಾರೂ ಇರಲ್ಲ.

ಇದರಿಂದ ಏನು ತೊಂದ್ರೆ ಅಂದ್ರೆ, ಜಾರ್ಜಿಯಾದಲ್ಲಿ ಅರ್ಜಿಲಿರೋ ಹೆಸ್ರನ್ನ ಲೈಸೆನ್ಸ್ ಡೇಟಾಬೇಸ್ ಜೊತೆ ಇಲ್ಲಾ ಸೋಷಿಯಲ್ ಸೆಕ್ಯುರಿಟಿ ಜೊತೆ ತಾಳೆ ನೋಡ್ತಾರೆ. ಒಂದು ಹೈಫನ್ ಹೆಚ್ಚುಕಮ್ಮಿ ಆದ್ರೂ ಅರ್ಜಿ ಪೆಂಡಿಂಗ್ ಇಡೋ ಪದ್ಧತಿ ಇತ್ತು. 2018ರ ಗವರ್ನರ್ ಎಲೆಕ್ಷನ್ ಹೊತ್ತಿಗೆ ಸುಮಾರು 53,000 ಅರ್ಜಿ ಹೀಗೆ ಕೂತಿದ್ವು, ಅದ್ರಲ್ಲಿ ಹತ್ತಿರಹತ್ತಿರ 70 ಪರ್ಸೆಂಟ್ ಕಪ್ಪು ಜನರದ್ದು ಅಂತ ಎಪಿ ಸುದ್ದಿಸಂಸ್ಥೆ ಲೆಕ್ಕ ಹಾಕಿ ಹೇಳ್ತು. ರಾಜ್ಯದ ಜನಸಂಖ್ಯೇಲಿ ಅವ್ರು ಇರೋದು ಮೂರನೇ ಒಂದು ಭಾಗದಷ್ಟು. ರೂಲ್ಸಲ್ಲಿ ಎಲ್ಲೂ ಬಣ್ಣದ ಮಾತಿಲ್ಲ ನೋಡಿ, ಎಲ್ಲರಿಗೂ ಒಂದೇ ರೂಲ್ಸ್, ಆದ್ರೆ ಹೊಡೆತ ಯಾರಿಗೆ ಬೀಳುತ್ತೆ ಅನ್ನೋದು ಮಾತ್ರ ಪ್ರತಿಸಲ ಅಲ್ಲಿಗೇ ಬಂದು ನಿಲ್ಲುತ್ತೆ. 2019ರಲ್ಲಿ ಕಾನೂನು ತಿದ್ದಿ ಹೆಸ್ರಿನ ವಿಷ್ಯ ಸಡಿಲ ಮಾಡಿದ್ರು, ಪೌರತ್ವದ ತಾಳೆ ಮಾತ್ರ ಹಾಗೇ ಉಳೀತು.

ನನಗೆ ಈ ಕೆಲ್ಸ ಕಲಿಸಿದ್ದು ಅಲಬಾಮಾ ಕಡೆಯ ಒಬ್ರು ವಯಸ್ಸಾದ ಕಪ್ಪು ಹೆಂಗಸು. ಫಾರಂ ತುಂಬುವಾಗ ನೀವು ಪೆನ್ ಹಿಡೀಬೇಡಿ, ಅವ್ರ ಕೈಲೇ ಬರೆಸಿ, ಲೈಸೆನ್ಸ್ ಟೇಬಲ್ ಮೇಲೆ ಇಡ್ಸಿ, ಒಂದೊಂದೇ ಅಕ್ಷರ ನೋಡಿ ಬರೆಸಿ ಅಂತ ಆಕೆ ಹೇಳ್ಕೊಟ್ಟಿದ್ದು. ಆಕೆ ಹುಡುಗಿಯಾಗಿದ್ದಾಗ ಸೆಲ್ಮಾ ಊರಿರೋ ಡಲ್ಲಾಸ್ ಕೌಂಟಿಲಿ ರಿಜಿಸ್ಟ್ರಾರ್ ಆಫೀಸು ತೆಗೀತಿದ್ದಿದ್ದೇ ತಿಂಗಳಿಗೆ ಎರಡು ದಿನ. ಓಟಿನ ವಯಸ್ಸಾಗಿದ್ದ ಸುಮಾರು 15,000 ಕಪ್ಪು ಜನರಲ್ಲಿ ಹೆಸ್ರು ಇದ್ದಿದ್ದು ಮುನ್ನೂರು ಚಿಲ್ಲರೆ. ಸಂವಿಧಾನದ ಯಾವ್ದೋ ಕಲಂ ಕೊಟ್ಟು ಅರ್ಥ ಬರಿ ಅನ್ನೋರು, ಪಾಸೋ ಫೇಲೋ ಅನ್ನೋದು ಆ ಗುಮಾಸ್ತನ ಇಷ್ಟ, ಸಾಲದು ಅಂತ ಆಗ್ಲೇ ಲಿಸ್ಟಲ್ಲಿರೋ ಒಬ್ಬ ವೋಟರ್ ಬಂದು ಇವ್ನು ನನಗೆ ಗೊತ್ತು ಅಂತ ಜಾಮೀನು ಹೇಳ್ಬೇಕು. ಲಿಸ್ಟಲ್ಲಿ ಕಪ್ಪು ಜನ ಇಷ್ಟು ಕಮ್ಮಿ ಇದ್ಮೇಲೆ ಅವ್ರಿಗೆ ಜಾಮೀನು ಹೇಳೋರ್ಯಾರು?

ಇದಕ್ಕೆ ಕಪ್ಪು ಜನ ಹುಡುಕಿದ ದಾರಿ ನನಗೆ ಬಹಳ ಇಷ್ಟ. ಸೌತ್ ಕೆರೊಲಿನಾದ ಜಾನ್ಸ್ ಐಲ್ಯಾಂಡಲ್ಲಿ 1957ರಲ್ಲಿ ಸೆಪ್ಟಿಮಾ ಕ್ಲಾರ್ಕ್ ಅನ್ನೋ ಟೀಚರ್ ದೊಡ್ಡೋರಿಗೆ ರಾತ್ರಿ ಶಾಲೆ ಶುರುಮಾಡಿದ್ರು. ಮುಂದುಗಡೆ ಅಂಗಡಿ, ಹಿಂದಿನ ರೂಮಲ್ಲಿ ಪಾಠ, ಬಿಳಿಯರಿಗೆ ಅನುಮಾನ ಬರದೇ ಇರ್ಲಿ ಅಂತ. ಪಾಠ ಮಾಡಿದ್ದು ಬರ್ನೀಸ್ ರಾಬಿನ್ಸನ್, ಆಕೆ ಟೀಚರ್ರೇ ಅಲ್ಲ, ಬ್ಯೂಟಿ ಪಾರ್ಲರ್ ನಡೆಸ್ತಿದ್ದೋರು. ಮನಿ ಆರ್ಡರ್ ತುಂಬೋದು, ಸೈನ್ ಹಾಕೋದು, ಆಮೇಲೆ ಆ ಕಲಂ ಓದೋದು. ಇಂಥ ಶಾಲೆಗಳು ದಕ್ಷಿಣದ ತುಂಬಾ ಹಬ್ಬಿದ್ವು. ಸೆಲ್ಮಾದ ಸೇತುವೆ ಮೇಲೆ ಓಟಿನ ಹಕ್ಕು ಕೇಳಿ ಮೆರವಣಿಗೆ ಹೊರಟೋರನ್ನ ಪೊಲೀಸರು ಹೊಡೆದ ಫೋಟೋ ಎಲ್ಲರೂ ನೋಡಿರ್ತಾರೆ, 1965ರ ಮಾರ್ಚ್ 7, ಆದ್ರೆ ಅದರ ಹಿಂದೆ ಇಂಥ ಹಿಂದಿನ ರೂಮಿನ ಕೆಲ್ಸ ವರ್ಷಗಟ್ಲೆ ನಡೆದಿತ್ತು. ಅದೇ ವರ್ಷ ಆಗಸ್ಟ್ 6ಕ್ಕೆ, ಓಟು ಹಾಕೋಕೆ ಬಣ್ಣ ಅಡ್ಡ ಬರಬಾರದು ಅನ್ನೋ ವೋಟಿಂಗ್ ರೈಟ್ಸ್ ಆ್ಯಕ್ಟ್ ಬಂತು, ಮಿಸ್ಸಿಸ್ಸಿಪ್ಪಿಲಿ 6.7 ಪರ್ಸೆಂಟ್ ಇದ್ದ ಕಪ್ಪು ಜನರ ರಿಜಿಸ್ಟ್ರೇಷನ್ 1967ಕ್ಕೆ 60ರ ಹತ್ತಿರ ಹೋಯ್ತು.

ನಮ್ಮೋರ ಮನೆಗಳಲ್ಲಿ ಇದನ್ನ ಹೇಳೋಕೆ ಹೋದ್ರೆ ಒಂದು ಮಾತು ಬಂದೇ ಬರುತ್ತೆ, ನಮಗ್ಯಾಕೆ ಸಾರ್ ಅವ್ರ ಜಗಳ, ನಾವು ಕಷ್ಟಪಟ್ಟು ಓದಿ ಬಂದೋರು. ನಾನು ವಾದ ಮಾಡಲ್ಲ, ತಾರೀಖು ಹೇಳ್ತೀನಿ ಅಷ್ಟೇ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನೋರ ಕೇಸಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತ್ತು. 1946ರಲ್ಲಿ ಪೌರತ್ವ ಕೊಟ್ರು, ಆದ್ರೆ ಇಡೀ ಭಾರತಕ್ಕೆ ಕೋಟಾ ವರ್ಷಕ್ಕೆ 100 ಜನ. ಆ ಬಾಗಿಲು ತೆಗೆದ ಇಮಿಗ್ರೇಷನ್ ಕಾನೂನಿಗೆ ಸೈನ್ ಬಿದ್ದಿದ್ದು 1965 ಅಕ್ಟೋಬರ್ 3. ವೋಟಿಂಗ್ ರೈಟ್ಸ್ ಆಗಿ ಎರಡು ತಿಂಗಳು ಕೂಡ ಆಗಿಲ್ಲ, ಅದೇ ಪಾರ್ಲಿಮೆಂಟು, ಅದೇ ಗಾಳಿ. ಸೆಲ್ಮಾದಲ್ಲಿ ತಲೆ ಒಡೆಸ್ಕೊಂಡೋರು ನಮ್ ವೀಸಾಗೋಸ್ಕರ ಒಡೆಸ್ಕೊಂಡಿದ್ದಲ್ಲ, ಆದ್ರೂ ಬಂದ ಲಾಭದಲ್ಲಿ ನಮಗೂ ಪಾಲು ಸಿಕ್ತು.

ಇನ್ನು ನಮ್ಮ ಕೌಂಟಿ ಕಥೆ. ಇಲ್ಲಿ 1910ರ ಜನಗಣತಿ ಪ್ರಕಾರ 1,098 ಕಪ್ಪು ಜನ ಇದ್ರು. 1912ರಲ್ಲಿ ಒಬ್ಬ ಬಿಳಿ ಹುಡುಗಿ ಮೇಲೆ ಹಲ್ಲೆ ಆಯ್ತು ಅಂತ ರಾಬ್ ಎಡ್ವರ್ಡ್ಸ್ ಅನ್ನೋ ಕಪ್ಪು ಮನುಷ್ಯನ್ನ ಬಿಳಿಯರು ಗುಂಪುಕಟ್ಟಿ ಬಂದು ಕಮಿಂಗ್ ಊರಿನ ಜೈಲಿಂದ ಎಳೆದು ಕೊಂದ್ರು, ಇಬ್ರು ಹುಡುಗ್ರನ್ನ ಕೋರ್ಟು ಗಲ್ಲಿಗೆ ಹಾಕ್ತು, ಆಮೇಲೆ ರಾತ್ರಿ ಕುದುರೆ ಮೇಲೆ ಬಂದು ಮನೆ, ಚರ್ಚು ಸುಟ್ಟು ಹೆಚ್ಚುಕಮ್ಮಿ ಎಲ್ಲರನ್ನೂ ಓಡಿಸಿದ್ರು. ಎಷ್ಟೋ ಜನ ಜಮೀನು ಬಿಟ್ಟೇ ಹೋದ್ರು. 1987ರ ಜನವರಿಲಿ ಕಪ್ಪು ಜನರ ಹಕ್ಕಿನ ಹೋರಾಟಗಾರ ಹೋಸಿಯಾ ವಿಲಿಯಮ್ಸ್ ಸಣ್ಣ ಮೆರವಣಿಗೆ ತಂದ್ರೆ ಕಲ್ಲು ತೂರಿದ್ರು, ಮುಂದಿನ ವಾರ ಸುಮಾರು 20,000 ಜನ ಬಂದು ನಡೆದ್ರು. 1987 ಅಂದ್ರೆ ನಾನು ಊರಲ್ಲಿ ಸ್ಕೂಲಿಗೆ ಹೋಗ್ತಿದ್ದೆ, ಹಳೇ ಕಾಲ ಏನಲ್ಲ. ಈಗ ಅದೇ ಊರಲ್ಲಿ ನಾವು ಸ್ಕೂಲ್ ಡಿಸ್ಟ್ರಿಕ್ಟ್ ಚೆನ್ನಾಗಿದೆ ಅಂತ ಮನೆ ತಗೋತೀವಿ. ಇದನ್ನ ಹೇಳಿದಾಗ ಮಾತ್ರ ನಮ್ಮೋರು ಸುಮ್ನಾಗ್ತಾರೆ, ಕಾಫಿ ಇನ್ನೊಂಚೂರು ಹಾಕ್ಲಾ ಅಂತಾರೆ.

ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ತಿಪಟೂರು ಕಡೆಯ ಒಬ್ರು ಅಜ್ಜಿ. 65 ದಾಟಿ, ಗ್ರೀನ್ ಕಾರ್ಡ್ ಸಿಕ್ಕಿ 20 ವರ್ಷ ಆಗಿದ್ರೆ ಇಂಗ್ಲಿಷ್ ಪರೀಕ್ಷೆ ಇಲ್ಲ, ದುಭಾಷಿ ಕರ್ಕೊಂಡು ಹೋಗಿ ಕನ್ನಡದಲ್ಲೇ ಉತ್ತರ ಹೇಳ್ಬೋದು, ಪ್ರಶ್ನೆಗಳೂ ಕಮ್ಮಿ. ಅದ್ರಲ್ಲಿ ಒಂದು, ಮಾರ್ಟಿನ್ ಲೂಥರ್ ಕಿಂಗ್ ಏನು ಮಾಡಿದ್ರು ಅಂತ. ಅಜ್ಜಿ ಅಂದ್ರು, "ಬಸ್ಸಲ್ಲಿ ಎಲ್ಲಾರ್ಗೂ ಒಂದೇ ಸೀಟು ಅಂತ ಹೋರಾಡಿದ್ರು. ನಮ್ ಕಡೆ ಹೋಟ್ಲಲ್ಲೂ ಬೇರೆ ಲೋಟ ಮಡಗ್ತಿದ್ರಲ್ಲಪ್ಪ, ಅದನ್ನೂ ಹೇಳ್ಬೇಕಾ?"

"ಬ್ಯಾಡ ಅಜ್ಜಿ, ಅದು ಪರೀಕ್ಷೇಲಿ ಬರಲ್ಲ" ಅಂದೆ. ಪಕ್ಕದಲ್ಲಿ ಕೂತಿದ್ದ ಮಗ ಫೋನ್ ನೋಡ್ತಾ ಇದ್ದ.

ಓಟಿನ ದಿನ ಅಜ್ಜಿ ಜೊತೆ ಒಳಗೆ ನಾನೇ ಹೋದೆ. ವೋಟಿಂಗ್ ರೈಟ್ಸ್ ಆ್ಯಕ್ಟ್‌ನ 208ನೇ ಸೆಕ್ಷನ್ ಪ್ರಕಾರ ಇಂಗ್ಲಿಷ್ ಓದೋಕೆ ಬರದೋರು ತಮಗೆ ಬೇಕಾದೋರನ್ನ ಸಹಾಯಕ್ಕೆ ಕರ್ಕೊಂಡು ಹೋಗ್ಬೋದು, ಕೆಲ್ಸ ಕೊಟ್ಟಿರೋ ಮಾಲೀಕ, ಯೂನಿಯನ್ನೋರು ಮಾತ್ರ ಆಗಲ್ಲ. ಅಲ್ಲಿದ್ದೋರು ತಡೆದ್ರೆ ಗಲಾಟೆ ಮಾಡ್ಬೇಡಿ, ಮ್ಯಾನೇಜರನ್ನ ಕರೀರಿ ಅಂದು ಸೆಕ್ಷನ್ ನಂಬರ್ ಹೇಳಿ ಸಾಕು. ಟಚ್‌ಸ್ಕ್ರೀನಲ್ಲಿ ಒತ್ತಿದ್ಮೇಲೆ ಒಂದು ಕಾಗದ ಪ್ರಿಂಟ್ ಆಗಿ ಬರುತ್ತೆ, ಒತ್ತಿದ ಹೆಸ್ರುಗಳು ಅದ್ರಲ್ಲಿರುತ್ತೆ, ಅದನ್ನ ಓದಿ ಹೇಳಿ ಖಾತ್ರಿ ಮಾಡ್ಕೊಂಡೇ ಸ್ಕ್ಯಾನರ್‌ಗೆ ಹಾಕ್ಸಿ. ಅಜ್ಜಿಗೆ ಪೀಚ್ ಹಣ್ಣಿನ ಸ್ಟಿಕರ್ ಕೊಟ್ರು. ಬೆರಳು ಮುಂದೆ ಚಾಚಿ ಶಾಯಿ ಎಲ್ಲಿ ಅಂತ ಕೇಳಿದ್ರು, ಮೈಸೂರು ಶಾಯಿ ಹಾಕಿಸ್ಕೊಂಡು ಅಭ್ಯಾಸ ಆದೋರಿಗೆ ಸ್ಟಿಕರ್ ಮೇಲೆ ನಂಬಿಕೆ ಬರಲ್ಲ ನೋಡಿ.

ಒಂದು ವಿಷ್ಯ, ಬೂತಿನ ಹತ್ರ ಕ್ಯೂಲಿ ನಿಂತೋರಿಗೆಲ್ಲ ನೀರಿನ ಬಾಟ್ಲು, ಚಿತ್ರಾನ್ನ ಅಂತ ಹಂಚೋಕೆ ಹೋಗ್ಬೇಡಿ, ಜಾರ್ಜಿಯಾದಲ್ಲಿ 2021ರಿಂದ ಬೂತ್ ಕಟ್ಟಡದ 150 ಅಡಿ ಒಳಗೆ ಅದು ಅಪರಾಧ.

ಇನ್ನು ಸಿಟಿಜನ್ ಆದ ಮೇಲೆ ಲೈಸೆನ್ಸ್ ಅಪ್‌ಡೇಟ್ ಮಾಡಿಸ್ದೇ ಇದ್ರೆ ಆ ಡೇಟಾಬೇಸಲ್ಲಿ ನೀವಿನ್ನೂ ಎಚ್1ಬಿನೋ ಗ್ರೀನ್ ಕಾರ್ಡೋ ಆಗಿರ್ತೀರಾ, ರಿಜಿಸ್ಟ್ರೇಷನ್ ಅಲ್ಲಿಗೆ ನಿಲ್ಲುತ್ತೆ. ಮೊದ್ಲು ಅದನ್ನ ಮಾಡಿಸಿ, ಆಮೇಲೆ ಜಾರ್ಜಿಯಾದ ಮೈ ವೋಟರ್ ಪೇಜ್ ಅನ್ನೋ ವೆಬ್‌ಸೈಟಲ್ಲಿ ಆ್ಯಕ್ಟಿವ್ ಅಂತ ಬಂದಿದ್ಯಾ ನೋಡಿ, ಹೊಸ ಪಾಸ್‌ಪೋರ್ಟು ಇಲ್ಲಾ ನ್ಯಾಚುರಲೈಸೇಷನ್ ಸರ್ಟಿಫಿಕೇಟು ಬೂತಿಗೆ ಜೊತೇಲಿ ಒಯ್ಯಿರಿ. ಕೌಂಟಿ ಆಫೀಸಿಂದ ಪೋಸ್ಟಲ್ಲಿ ಬರೋ ಕಾಗದ ನೋಡೋಕೆ ಜಾಹೀರಾತಿನ ಥರಾನೇ ಇರುತ್ತೆ, ಪಿಜ್ಜಾ ಕೂಪನ್ ಜೊತೆ ಕಸಕ್ಕೆ ಹಾಕ್ಬೇಡಿ, ಒಡೆದು ಓದಿ, ಅರ್ಥ ಆಗ್ಲಿಲ್ಲ ಅಂದ್ರೆ ಫೋಟೋ ತೆಗೆದು ವಾಟ್ಸಾಪ್ ಮಾಡಿ.