ಅಪ್ಪನ ಫೈಲು, ಪೌಂಡ್ ಚಿಹ್ನೆ ಮತ್ತು ಕನಾರ್ಟಕ

ಹೊಸ ಲ್ಯಾಪ್‌ಟಾಪಿನಲ್ಲಿ ಅಪ್ಪನ ಫೈಲು ತೆರೆದಾಗ ಮೊದಲ ಸಾಲಲ್ಲೇ ಬ್ರಿಟಿಷರ ಪೌಂಡ್ ಚಿಹ್ನೆ ಕಂಡಿತು. ಅಪ್ಪ ಬರೆದದ್ದು ತಿಪಟೂರು ಕಡೆಯ ನಮ್ಮ ಊರಿನ ಕತೆ. ಕೆರೆ, ಕಣ, ತೋಟ, ಯಾರ ತೆಂಗಿನ ಮರ ಯಾರ ಬೇಲಿ ದಾಟಿತು ಅನ್ನೋ ಮೂರು ತಲೆಮಾರಿನ ಜಗಳ. ಒಟ್ಟು 340 ಪುಟ. ಅದರಲ್ಲಿ ಪೌಂಡಿಗೆ ಏನು ಕೆಲಸ?

ಕೆಲಸ ಇದೆ. ಅಪ್ಪ ಟೈಪ್ ಮಾಡಿದ್ದು 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಆ ಕಾಲದ ಫಾಂಟಿನಲ್ಲಿ ಇದ್ದದ್ದು ಹೆಚ್ಚೆಂದರೆ 256 ಮನೆ. ಕನ್ನಡದ ಗುಣಿತ, ಒತ್ತು ಎಲ್ಲ ಸೇರಿದರೆ ಆಕಾರಗಳು ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಅಕ್ಷರವನ್ನು ತುಂಡು ಮಾಡಿ, ಒಂದೊಂದು ತುಂಡನ್ನು ಇಂಗ್ಲಿಷಿನ ಅಥವಾ ಯುರೋಪಿನ ಒಂದೊಂದು ಅಕ್ಷರದ ಮನೆಯಲ್ಲಿ ಬಾಡಿಗೆಗೆ ಇಟ್ಟರು. 'ಕ'ದ ಮೈ ಇರುವುದು ಪಿ ಮನೆಯಲ್ಲಿ. ತಲೆಕಟ್ಟು ಇರುವುದು ತಲೆ ಮೇಲೆ ಗೆರೆ ಇರುವ ಒಂದು ಎ ಮನೆಯಲ್ಲಿ. 'ನ' ಇರುವುದು ಪೌಂಡ್ ಚಿಹ್ನೆಯಲ್ಲಿ, ಅದರ ಒತ್ತು ಇರುವುದು ಜರ್ಮನ್ನರ ಜೋಡಿ ಎಸ್‌ನಲ್ಲಿ. 'ಕನ್ನಡ' ಅನ್ನೋ ಪದದ ಒಳಗೇ ಇಂಗ್ಲೆಂಡೂ ಜರ್ಮನಿಯೂ ಕೂತಿವೆ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಇದು ಯಾರಿಗೂ ಕಾಣುವುದಿಲ್ಲ. ಫಾಂಟ್ ತೆಗೆದರೆ ಬಣ್ಣ ಬಯಲು.

ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಸೈಟು ಸಿಕ್ಕಿದೆ, 128 ಮನೆಗಳದ್ದು. ಅಪ್ಪ ಬರೆಯಲು ಶುರು ಮಾಡಿದ್ದು 2004ರಲ್ಲಿ. ಅಷ್ಟು ಹೊತ್ತಿಗೆ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅನ್ನೋ ಯೂನಿಕೋಡ್ ಫಾಂಟೂ ಇತ್ತು. ಆದರೆ ಊರಿನ ಡಿಟಿಪಿ ಅಂಗಡಿಯವನು ಪುಟ ಜೋಡಿಸುವ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಮದುವೆ ಪತ್ರಿಕೆ ಮಾಡುವವನು ಏನು ಬಳಸುತ್ತಾನೋ ಊರೂ ಅದನ್ನೇ ಬಳಸುತ್ತೆ.

ನುಡಿಯ ಜೊತೆಗೇ ಹಳೆಯದನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕ ಬರುತ್ತೆ, ಸುಮ್ನೆ ಅದನ್ನು ಓಡಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಓಡಿಸಿದೆ. ಅಪ್ಪ ಅಲ್ಲಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದ ಸರ್ವೆ ವಿವರಗಳು ವಿಚಿತ್ರ ಕನ್ನಡವಾಗಿ ಹೊರಗೆ ಬಂದವು. ಅದನ್ನು ಕೈಯಲ್ಲಿ ತಿದ್ದಲು ಎರಡು ದಿನ ಸಾಕಿತ್ತು. ಆದರೆ ನಾನು ಪ್ರೋಗ್ರಾಮರ್. ಎರಡು ದಿನದ ಕೆಲಸ ತಪ್ಪಿಸಲು ಮೂರು ವಾರ ಪೈಥಾನ್ ಬರೆಯುವುದು ನಮ್ಮ ಕಸುಬಿನ ರೋಗ.

ಮೊದಲು ಹಳೆಯ ವರ್ಡ್ ಫೈಲನ್ನು ಲಿಬ್ರೆಆಫೀಸಿನಲ್ಲಿ ಹೊಸ ಮಾದರಿಗೆ ಬದಲಾಯಿಸಿದೆ. ವರ್ಡ್ ಫೈಲಿನ ಒಳಗೆ ಪ್ರತಿ ತುಂಡು ಬರಹಕ್ಕೂ ಫಾಂಟಿನ ಹೆಸರು ಅಂಟಿಕೊಂಡಿರುತ್ತೆ. ನುಡಿ ಅಂತ ಇದ್ದರೆ ಬದಲಾಯಿಸು, ಇಲ್ಲದಿದ್ದರೆ ಮುಟ್ಟಬೇಡ. ಇಂಗ್ಲಿಷ್ ಸಮಸ್ಯೆ ಅಲ್ಲಿಗೆ ಮುಗಿಯಿತು. ಬರೀ ಟೆಕ್ಸ್ಟ್ ಫೈಲ್ ಆಗಿದ್ದರೆ ಈ ದಾರಿ ಇರುತ್ತಿರಲಿಲ್ಲ. ಅಲ್ಲಿ ಪಿ ಅಂದರೆ ಪಿ ಯೋ ಕ ಯೋ ಹೇಳಲು ಯಾವ ಸಾಕ್ಷಿಯೂ ಇಲ್ಲ. ಒಂದು ಉಪದ್ರವ ಅಂದರೆ, ವರ್ಡ್ ತನಗೆ ಮನಸ್ಸು ಬಂದಲ್ಲಿ ಪದವನ್ನು ಕತ್ತರಿಸಿರುತ್ತೆ. ಅಪ್ಪ ನಡುವೆ ಒಂದು ಅಕ್ಷರ ತಿದ್ದಿದ್ದರೆ ಅಲ್ಲೇ ತುಂಡು. ಒಂದೇ ಫಾಂಟಿನ ಪಕ್ಕಪಕ್ಕದ ತುಂಡುಗಳನ್ನು ಮೊದಲು ಹೊಲಿಯಬೇಕು, ಆಮೇಲೆ ಬದಲಾವಣೆ.

ನಂತರ ಪಟ್ಟಿ. ಯಾವ ಚಿಹ್ನೆಗೆ ಯಾವ ಅಕ್ಷರ. ಓಡಿಸಿದರೆ ಅಪ್ಪನ 'ಮಗ' ಎಲ್ಲ ಕಡೆ 'ವುಗ' ಆಗಿದ್ದ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ನೋಡಲು 'ಮ' ಅಂದರೆ 'ವ'ಗೆ ಕೊಂಬು ಕೊಟ್ಟಂತೆಯೇ ಅಲ್ವಾ? ಜಾಗ ಉಳಿಸಲು ಫಾಂಟ್ ಮಾಡಿದವರು ಅದನ್ನು ಹಾಗೇ ಕಟ್ಟಿದ್ದಾರೆ. ನಿಜವಾದ 'ವು'ಗೆ ಬೇರೆಯದೇ ಕೊಂಬು. ಅವರ ಜಿಪುಣತನಕ್ಕೆ ಕೈ ಮುಗಿಯಬೇಕು. ಉಪಾಯ ಸುಲಭ, ಉದ್ದದ ಜೋಡಣೆಯನ್ನು ಮೊದಲು ಹುಡುಕಬೇಕು, ಸಿಗದಿದ್ದರೆ ಮಾತ್ರ ಚಿಕ್ಕದು. ದೀರ್ಘದಲ್ಲೂ ಹೀಗೇ ಒಂದು ಗುಟ್ಟಿನ ತೊಂದರೆ ಇತ್ತು. 'ಕಿ'ಗೆ ದೀರ್ಘ ಬೇರೆಯಾಗಿ ಅಂಟಿಸಿದರೂ 'ಕೀ' ಥರಾನೇ ಕಾಣುತ್ತೆ, ಆದರೆ ಹುಡುಕಿದರೆ ಸಿಗಲ್ಲ. ಎರಡನ್ನೂ ಸೇರಿಸಿ ಒಂದೇ ಚಿಹ್ನೆ ಮಾಡಬೇಕು.

ಆದರೆ ನಿಜವಾಗಿ ನನ್ನನ್ನು ಕಾಡಿದ್ದು ಅರ್ಕಾವತ್ತು. ನಾವು 'ಕರ್ನಾಟಕ' ಬರೆಯುವಾಗ 'ನಾ' ಬರೆದು ಆಮೇಲೆ ಪಕ್ಕದಲ್ಲಿ ಅರ್ಕಾವತ್ತು ಹಾಕುತ್ತೇವೆ. ನುಡಿ ಫೈಲಿನಲ್ಲೂ ಅದೇ ಕ್ರಮ. ಯೂನಿಕೋಡ್ ಮಾತ್ರ ಬಾಯಲ್ಲಿ ಹೇಳುವ ಕ್ರಮ ಕೇಳುತ್ತೆ, ಮೊದಲು 'ರ್', ಆಮೇಲೆ 'ನಾ'. ಇದನ್ನು ನೋಡಿಕೊಳ್ಳದಿದ್ದರೆ ಸಿಗುವುದು 'ಕನಾರ್ಟಕ'. ಸರ್ಕಾರ 'ಸಕಾರ್ರ' ಆಗುತ್ತೆ. ಕಾರ್ಯದರ್ಶಿ 'ಕಾಯರ್ದಶಿರ್' ಆಗುತ್ತಾರೆ. ಈ ಮೂರೂ ನನಗೆ ಹಳೆಯ ಪರಿಚಯದವರ ಹಾಗೆ ಕಂಡವು, ಬೇಕಾದಷ್ಟು ಕಡೆ ನೋಡಿದ್ದೇನೆ. ಅರ್ಕಾವತ್ತು ಸಿಕ್ಕ ತಕ್ಷಣ ಒಂದು ವ್ಯಂಜನ ಹಿಂದೆ ಹೋಗಿ 'ರ್' ಇಡು ಅಂತ ಬರೆದೆ. ಅಪ್ಪ ಓದಿ ಫೋನ್ ಮಾಡಿದರು. "ಏನೋ ಇದು, ನಾನು ಅರ್ಘ್ಯ ಬಿಟ್ಟರೆ ನೀನು ಅಘ್ರ್ಯ ಮಾಡಿದ್ದೀಯಲ್ಲೋ?" ಒತ್ತು ಇದ್ದರೆ ಒಂದು ವ್ಯಂಜನ ಸಾಲದು, ಇಡೀ ಒತ್ತಕ್ಷರವನ್ನು ದಾಟಿ ಹಿಂದೆ ಹೋಗಬೇಕು. ನಲವತ್ತು ವರ್ಷ ಮೇಷ್ಟ್ರಾಗಿದ್ದವರು ಟೆಸ್ಟರ್ ಆದರೆ ಹೀಗೇ.

ಮಧ್ಯದಲ್ಲಿ ಸೋಮಾರಿತನಕ್ಕೆ ಒಂದು ಅಧ್ಯಾಯವನ್ನು ಎಐಗೆ ಕೊಟ್ಟು ನೋಡಿದೆ. ತುಂಬ ಚೆಂದದ ಕನ್ನಡ ಬಂತು, ಅದೇ ಅನುಮಾನ. ಅಪ್ಪ ಬರೆದದ್ದು 'ಕೂರಿಗೆ ಹೂಡಿದ ದಿನ', ಅಂದರೆ ಬಿತ್ತನೆ ಶುರುವಾದ ದಿನ. ಎಐ ಅದನ್ನು 'ಕುರಿ ಹುಡುಕಿದ ದಿನ' ಮಾಡಿತ್ತು. ನನ್ನ ಸ್ಕ್ರಿಪ್ಟ್ ತಪ್ಪಿದರೆ 'ವುಗ' ಅಂತ ಕೂಗಿ ಹೇಳುತ್ತೆ. ಎಐ ತಪ್ಪಿದರೆ ನಗುತ್ತಾ ಕುರಿ ಹುಡುಕುತ್ತೆ. ಅಲ್ಲಿಗೆ ಅದನ್ನು ಬಿಟ್ಟೆ.

ಇದೇ ವಾರದಲ್ಲಿ ಬೇರೆ ಕೆಲಸಕ್ಕೆ ಒಂದು ಕಚೇರಿಯ ಸುತ್ತೋಲೆ ಬೇಕಾಯಿತು. ಪಿಡಿಎಫ್ ಇತ್ತು, ಕನ್ನಡದಲ್ಲೇ ಇತ್ತು, ತಲೆಬರಹ ದಪ್ಪಗೆ ಇತ್ತು. ಒಂದು ಸಾಲು ಕಾಪಿ ಮಾಡಿದೆ. ಮತ್ತೆ ಪೌಂಡ್, ಮತ್ತೆ ಜರ್ಮನ್ ಎಸ್! ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಅಂಗಡಿ ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು. ಇರಲಿ, ನನಗೆ ಖುಷಿಯೇ. ಟೇಪು ಹಿಡಿದು ಬೋರ್ಡು ಅಳೆಯುವವರು ಒಮ್ಮೆ ಆ ಸುತ್ತೋಲೆಯನ್ನೂ ಅಳೆಯಲಿ. ಕಣ್ಣಿಗೆ ನೂರು ಪರ್ಸೆಂಟ್, ಕಂಪ್ಯೂಟರಿಗೆ ಸೊನ್ನೆ. ನವೆಂಬರ್ ಒಂದಕ್ಕೆ ಶಾಲು ಹೊದೆಯುವ ಯಾರೂ ಅರ್ಕಾವತ್ತಿನ ಬಗ್ಗೆ ಭಾಷಣ ಮಾಡಿದ್ದು ನಾನು ಕೇಳಿಲ್ಲ. ಅದಕ್ಕೆ ಚಪ್ಪಾಳೆ ಬೀಳಲ್ಲ ಬಿಡಿ.

ಕೊನೆಗೆ 340 ಪುಟವೂ ಬದಲಾಯಿತು. ಊರಿಗೆ ಹೋಗಿ ಅಪ್ಪನಿಗೆ ಕಂಟ್ರೋಲ್ ಎಫ್ ಒತ್ತುವುದು ತೋರಿಸಿದೆ. ಅವರು ಮೊದಲು ಹುಡುಕಿದ್ದು ಬೇಲಿ ಜಗಳದ ಪಕ್ಕದ ಮನೆಯವರ ಹೆಸರು. ಒಂದೇ ಪ್ರಸಂಗವನ್ನು ಮೂರು ಅಧ್ಯಾಯದಲ್ಲಿ ಬರೆದಿದ್ದಾರೆ, ಪ್ರತಿ ಸಲವೂ ತೆಂಗಿನ ಮರಗಳ ಲೆಕ್ಕ ಬೇರೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ಮೊದಲು ಗೊತ್ತಾಗ್ತಾ ಇರಲಿಲ್ಲ, ಅಲ್ವಾ?" ಅಂದರು. ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ.

ಹೊಸ ನುಡಿಯಲ್ಲಿ ಯೂನಿಕೋಡೂ ಇದೆ, ಕೀಬೋರ್ಡ್ ಅದೇ, ಬೆರಳಿಗೆ ಏನೂ ವ್ಯತ್ಯಾಸ ಇಲ್ಲ ಅಂತ ಸೆಟ್ಟಿಂಗ್ ಬದಲಾಯಿಸಿ ಕೊಟ್ಟು ಬಂದೆ. ಮೊನ್ನೆ ವಾಟ್ಸ್ಯಾಪಿನಲ್ಲಿ ತಿದ್ದಿದ ಅಧ್ಯಾಯ ಕಳಿಸಿದರು. ತೆರೆದರೆ ಮೊದಲ ಸಾಲಲ್ಲೇ ಪೌಂಡ್ ಚಿಹ್ನೆ. ಫೋನ್ ಮಾಡಿ ಕೇಳಿದರೆ, "ಅದರಲ್ಲಿ ಅಕ್ಷರ ಯಾಕೋ ತೆಳ್ಳಗೆ ಕಾಣ್ತಿತ್ತು, ಹಳೇದಕ್ಕೇ ಹಾಕ್ಕೊಂಡೆ. ನಿನ್ನ ಹತ್ರ ಹೆಂಗಿದ್ರೂ ಆ ಪ್ರೋಗ್ರಾಮ್ ಇದೆಯಲ್ಲ" ಅಂದರು.

ಓಡಿಸಿದೆ. ತೆಂಗಿನ ಮರ ಈ ಸಲ ಹನ್ನೊಂದು.