ತಾರಸಿ ಸೋರುವ ಶಾಲೆಗೆ ಮೊದಲು ಬೇಕಾದ್ದು ಬಣ್ಣವಲ್ಲ

ಹಳೆಯ ಶಾಲೆಯ ದುರಸ್ತಿಗೆ ಒಂದಿಷ್ಟು ಹಣ ಬಂದರೆ ಮೊದಲು ಗೋಡೆಗೆ ಬಣ್ಣ, ಆಮೇಲೆ ಗೇಟು. ತಾರಸಿಯ ಸರದಿ ಬರುವಷ್ಟರಲ್ಲಿ ಕೈ ಖಾಲಿ. ಒಂದೇ ಮಳೆಗೆ ಹೊಸ ಬಣ್ಣ ಉಬ್ಬಿ ಉದುರುತ್ತದೆ. ಕೆಲಸ ಮೇಲಿನಿಂದ ಶುರುವಾಗಲಿ, ಅದೂ ಮಳೆಗಾಲಕ್ಕೆ ಮುಂಚೆ.

ಮೊದಲು ಕೊಠಡಿಯೊಳಗೆ ನಿಂತು ತಲೆಯೆತ್ತಿ ನೋಡಿ. ಕಾಂಕ್ರೀಟು ಚಕ್ಕೆಯೆದ್ದು ತುಕ್ಕು ಹಿಡಿದ ಕಂಬಿ ಕಾಣುತ್ತಿದೆಯೇ, ಚಾವಣಿ ಜೋತಿದೆಯೇ? ಹಾಗಿದ್ದರೆ ಮುಂದೆ ಓದುವುದು ಬೇಡ. ಮಕ್ಕಳನ್ನು ಹೊರಗೆ ಕಳಿಸಿ, ಬೀಗ ಹಾಕಿ, ಎಂಜಿನಿಯರನ್ನು ಕರೆಸಿ.

ಚಾವಣಿ ಗಟ್ಟಿಯಿದ್ದರೆ ಮೇಲೆ ಹತ್ತಿ. ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ, ಮಳೆನೀರಿನ ಕೊಳವೆಯಲ್ಲಿ ಕಟ್ಟಿದ ಎಲೆ, ಮಣ್ಣು ತೆಗೆಯಿರಿ, ಚೆನ್ನಾಗಿ ಒಣಗಲು ಬಿಡಿ.

ಕೆಲಸ ಕೆಡುವುದು ತಾರಸಿ ಮತ್ತು ಅದರ ಅಂಚಿನ ಗಿಡ್ಡ ಪ್ಯಾರಾಪೆಟ್ ಗೋಡೆ ಕೂಡುವ ಮೂಲೆಯಲ್ಲಿ. ಹನಿ ಬೀಳುವ ಜಾಗದ ನೇರ ಮೇಲೇ ಬಿರುಕು ಇರಬೇಕೆಂದಿಲ್ಲ. ಮೂಲೆಯಲ್ಲಿ ಇಳಿದ ನೀರು ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತದೆ. ಸ್ಲ್ಯಾಬು ಹಗಲು ಹಿಗ್ಗಿ ರಾತ್ರಿ ಕುಗ್ಗುವುದರಿಂದ ಇಲ್ಲಿನ ಬಿರುಕು ಸುಮ್ಮನಿರುವುದಿಲ್ಲ. ಸಿಮೆಂಟ್ ಹಾಲು (ನೀರಲ್ಲಿ ಕಲಸಿದ ತೆಳು ಸಿಮೆಂಟ್) ಸುರಿದು ಹೊರಡುವ ಮೇಸ್ತ್ರಿಯನ್ನು ಅಲ್ಲೇ ತಡೆಯಿರಿ, ಅದು ಮತ್ತೆ ಒಡೆಯುತ್ತದೆ. ಉಳಿಯಿಂದ ಬಿರುಕನ್ನು 10 ಮಿ.ಮೀ. ಅಗಲ, 10 ಮಿ.ಮೀ. ಆಳಕ್ಕೆ ಬಿಡಿಸಿ, ದೂಳು ಪೂರ್ತಿ ಊದಿ, ಪಾಲಿಯುರೆಥೇನ್ ಸೀಲೆಂಟ್ (ಬಿರುಕು ಮುಚ್ಚುವ, ರಬ್ಬರಿನಂತೆ ಗಟ್ಟಿಯಾಗುವ ಅಂಟು) ತುಂಬಿ. ಎಳೆದರೆ ಹಿಗ್ಗುವ ವಸ್ತುವೇ ಬೇಕು. ಕಿಟಕಿಗೆ ಬಳಿಯುವ ಅಗ್ಗದ ಬಿಳಿ ಟ್ಯೂಬು ಬಿಸಿಲಿಗೆ ಬಿರುಸಾಗಿ ಕಳಚಿಕೊಳ್ಳುತ್ತದೆ, ಬೇಡ.

ಸೀಲೆಂಟ್ ಗಟ್ಟಿಯಾದ ಮೇಲೆ ಮೂಲೆಯ ಉದ್ದಕ್ಕೂ 1:3 ಗಾರೆಯಿಂದ (ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು) ಸುಮಾರು 50 ಮಿ.ಮೀ. ಇಳಿಜಾರು ಕಟ್ಟಿ. ಅದಕ್ಕೂ ಮೊದಲು ತಳಕ್ಕೆ ಲೇಟೆಕ್ಸ್ (ಹಿಡಿತ ಹೆಚ್ಚಿಸುವ ಹಾಲಿನಂಥ ದ್ರವ) ಬೆರೆಸಿದ ಸಿಮೆಂಟ್ ಹಾಲು ಬಳಿಯಬೇಕು. ಬೆರಳಿಗೆ ಇನ್ನೂ ಅಂಟುತ್ತಿರುವಾಗಲೇ ಗಾರೆ ಹಾಕಿ; ಊಟ ಮುಗಿಸಿ ಬರುವಷ್ಟರಲ್ಲಿ ಅದು ಒಣಗಿದ್ದರೆ ಗಾರೆ ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ. ಕೆರೆದು ಮತ್ತೆ ಬಳಿಯುವುದೊಂದೇ ದಾರಿ. ಒದ್ದೆ ಗೋಣಿ ಹೊದಿಸಿ 7 ದಿನ ಕ್ಯೂರಿಂಗ್ ಮಾಡಿ, ಅಂದರೆ ಗಾರೆಯ ತೇವ ಆರದಂತೆ ನೋಡಿಕೊಳ್ಳಿ.

ಕೊನೆಗೆ ವಾಟರ್‌ಪ್ರೂಫ್ ಕೋಟಿಂಗ್, ಗೋಡೆಯ ಮೇಲೆ 30 ಸೆಂ.ಮೀ. ಹತ್ತುವಂತೆ. ಮೂಲೆಯಲ್ಲಿ ಮೊದಲ ಕೋಟು ಹಸಿಯಿರುವಾಗಲೇ ಫೈಬರ್ ಜಾಲರಿ ಒತ್ತಿ. ಎರಡನೆಯದನ್ನು ಅಡ್ಡಕ್ಕೆ ಎಳೆಯಿರಿ. ಬಿಳಿಯದ್ದನ್ನೇ ಕೊಳ್ಳಿ, ತರಗತಿಯೊಳಗಿನ ಸೆಕೆಯೂ ತಗ್ಗುತ್ತದೆ. ನೀರು ಬೆರೆಸಿ ತೆಳುವಾಗಿಸಿ ಡಬ್ಬಿ ಉಳಿಸುವವರ ಮೇಲೆ ಕಣ್ಣಿರಲಿ.

ಪೂರ್ತಿ ಒಣಗಿದ ಮೇಲೆ ಕೊಳವೆಗಳ ಬಾಯಿ ಕಟ್ಟಿ, 24 ಗಂಟೆ 2–3 ಸೆಂ.ಮೀ. ನೀರು ನಿಲ್ಲಿಸಿ. ಆಗಲೂ ಒಳಗೆ ತೇವ ಕಂಡರೆ ಕೊಳವೆಯ ಕೊರಳಿನ ಸುತ್ತ ಕೆತ್ತಿ ನೋಡಿ. ಮೂಲೆ ಬಿಟ್ಟರೆ ನೀರು ಇಳಿಯುವುದು ಅಲ್ಲೇ.