ಕೆಲಸ ಮೊದಲು, ಕಾಲೇಜು ಆಮೇಲೆ: ಕ್ಯಾಲಿಫೋರ್ನಿಯಾದಲ್ಲಿ ನಾನು 24 ಯೂನಿಟ್ ಮುಗಿಸಿದ ಬಗೆ

ಗಂಡನಿಗೆ ಒಳ್ಳೆಯ ಸಂಬಳವಿರುವ ಮನೆಗೆ ಕಾಲೇಜಿನ ನೆರವು ಸಿಗುವುದಿಲ್ಲ, ಸುಮ್ಮನೆ ಅರ್ಜಿ ತುಂಬಿ ಕಾಲ ಕಳೆಯಬೇಡಿ ಎಂದು ನನಗೆ ಬುದ್ಧಿ ಹೇಳಿದವರಲ್ಲಿ ಇಲ್ಲಿನ ಪ್ರಿಸ್ಕೂಲುಗಳಲ್ಲಿ ವರ್ಷಗಟ್ಟಲೆ ದುಡಿದವರೂ ಇದ್ದರು. ಈಗ ನನ್ನ ಕೈಯಲ್ಲಿ, ಪ್ರಿಸ್ಕೂಲಿನಲ್ಲಿ ಕಲಿಸಲು ರಾಜ್ಯ ಕೊಡುವ ಪರವಾನಗಿಯಾದ ಚೈಲ್ಡ್ ಡೆವಲಪ್‌ಮೆಂಟ್ ಟೀಚರ್ ಪರ್ಮಿಟ್ ಇದೆ. ಅದಕ್ಕೆ ಬೇಕಾದ 24 ಯೂನಿಟ್ (ಕಾಲೇಜಿನ ಓದನ್ನು ಅಳೆಯುವ ಲೆಕ್ಕ) ಓದಿಗೆ, ಬಂದದ್ದನ್ನೆಲ್ಲ ಕಳೆದು ನೋಡಿದರೆ, ನನ್ನ ಕೈಯಿಂದ ಹೋದದ್ದು ಮುನ್ನೂರು ಡಾಲರಿನ ಆಸುಪಾಸು. ಇದೇ ದಾರಿ ಹಿಡಿದ ನನ್ನ ಇಬ್ಬರು ಸಹೋದ್ಯೋಗಿಗಳೂ ಈಗ ಅರ್ಧ ದೂರ ಬಂದಿದ್ದಾರೆ. ಆದ್ದರಿಂದ ಇದು ನನ್ನೊಬ್ಬಳ ಅದೃಷ್ಟವೆಂದು ತಳ್ಳಿಹಾಕುವ ಹಾಗಿಲ್ಲ.

ಗುಟ್ಟು ಕ್ರಮದಲ್ಲಿದೆ. ನೆರವೆಂದರೆ ಫಾಫ್ಸಾ ಎಂಬ ಸರ್ಕಾರಿ ನೆರವಿನ ಅರ್ಜಿ ತುಂಬುವುದು, ಪೆಲ್ ಗ್ರಾಂಟ್ ಅಥವಾ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್ ಬರುತ್ತದೆಯೇ ಎಂದು ಕಾಯುವುದು ಎಂದೇ ನಮ್ಮವರು ತಿಳಿದಿದ್ದಾರೆ. ಅವೆರಡೂ ಮನೆಯ ಆದಾಯ ನೋಡಿ ಕೊಡುವ ನೆರವು. ಆದರೆ ಮಕ್ಕಳ ಆರೈಕೆಯ ಕೆಲಸದಲ್ಲಿರುವವರಿಗೆಂದೇ, ಅವರು ಆ ಕೆಲಸದಲ್ಲಿದ್ದಾರೆ ಎಂಬ ಕಾರಣಕ್ಕೇ ಕೊಡುವ ನೆರವು ಬೇರೆ ಇದೆ. ಮೊಡೆಸ್ಟೊದ ಯೊಸೆಮಿಟಿ ಕಮ್ಯುನಿಟಿ ಕಾಲೇಜ್ ಡಿಸ್ಟ್ರಿಕ್ಟ್ ನಡೆಸುವ ಚೈಲ್ಡ್ ಡೆವಲಪ್‌ಮೆಂಟ್ ಟ್ರೈನಿಂಗ್ ಕನ್ಸಾರ್ಷಿಯಂ ಆ ಬಗೆಯದು. ಅಲ್ಲಿ ಗಂಡನ ಸಂಬಳ ಕೇಳುವುದಿಲ್ಲ. ನೀವು ಮಕ್ಕಳ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೀರಾ, ಪರ್ಮಿಟ್‌ನತ್ತ ಓದುತ್ತಿದ್ದೀರಾ ಎಂದು ಕೇಳುತ್ತಾರೆ. ಓದು ಮುಗಿಸಿ ಕೆಲಸ ಹುಡುಕುವವರಿಗೆ ಈ ಬಾಗಿಲು ಮುಚ್ಚಿಯೇ ಇರುತ್ತದೆ. ಹಾಗಾಗಿ ನಾನು ಒಂದು ಯೂನಿಟ್ಟೂ ಇಲ್ಲದೆ ಮಕ್ಕಳ ಕೇಂದ್ರವೊಂದಕ್ಕೆ ಏಡ್, ಅಂದರೆ ಟೀಚರಿನ ಸಹಾಯಕಿಯಾಗಿ ಸೇರಿಕೊಂಡು, ಆಮೇಲೆ ಕಾಲೇಜಿಗೆ ಹೆಸರು ಹಚ್ಚಿದೆ.

ಈ ಯೋಚನೆ ಹೊಳೆದದ್ದು ನಾರ್ತ್ ಕ್ಯಾರೊಲಿನಾದಲ್ಲಿರುವ ನನ್ನ ನಾದಿನಿಯಿಂದ. ಅಲ್ಲಿ 1990ರಲ್ಲಿ ಆರಂಭವಾದ ಟೀಚ್ ಅರ್ಲಿ ಚೈಲ್ಡ್‌ಹುಡ್ ವಿದ್ಯಾರ್ಥಿವೇತನದಲ್ಲಿ ಕಲಿಯುವವರು, ಅವರನ್ನು ಕೆಲಸಕ್ಕಿಟ್ಟುಕೊಂಡ ಕೇಂದ್ರ ಮತ್ತು ಯೋಜನೆ ಮೂವರೂ ಖರ್ಚನ್ನು ಹಂಚಿಕೊಳ್ಳುತ್ತಾರೆ. ಪ್ರತಿಯಾಗಿ ಕಲಿತವರು ಅದೇ ಕೇಂದ್ರದಲ್ಲಿ ಕೆಲವು ಕಾಲ ಉಳಿಯಬೇಕು. ನಮ್ಮಲ್ಲಿನ ವ್ಯವಸ್ಥೆ ಅಷ್ಟು ಅಚ್ಚುಕಟ್ಟಾಗಿಲ್ಲ, ಇಲ್ಲಿ ನಾಲ್ಕು ಕಡೆಯ ಚೂರುಗಳನ್ನು ನಾವೇ ಕೂಡಿಸಿಕೊಳ್ಳಬೇಕು.

ಟೆಕ್ಸಾಸಿನಿಂದ ಬಂದ ಮೊದಲ ವರ್ಷ ನಾನು ಬೇಕೆಂದೇ ಕಾದೆ. ಕಮ್ಯುನಿಟಿ ಕಾಲೇಜಿನ ಶುಲ್ಕ 2012ರಿಂದ ಯೂನಿಟ್‌ಗೆ 46 ಡಾಲರಿನಲ್ಲೇ ನಿಂತಿದೆ. ಆದರೆ ಈ ರಾಜ್ಯದಲ್ಲಿ ಒಂದು ವರ್ಷ ಒಂದು ದಿನ ನೆಲೆಸಿರದವರಿಗೆ ಅದರ ಹಲವು ಪಟ್ಟು ಹಾಕುತ್ತಾರೆ, ಆ ದರದಲ್ಲಿ ಯಾವ ನೆರವೂ ಸಾಲದು. ಕಾಯುವ ಕಾಲವನ್ನು ಊರಿನ ಬಿಎ ಅಂಕಪಟ್ಟಿಗಳು ಇಲ್ಲಿನ ಯಾವ ಓದಿಗೆ ಸಮ ಎಂಬ ಮೌಲ್ಯಮಾಪನಕ್ಕೆ ಬಳಸಿಕೊಂಡೆ. ಟೀಚರ್ ಪರ್ಮಿಟ್‌ಗೆ 24 ಯೂನಿಟ್‌ಗಳ ಮೇಲೆ 16 ಯೂನಿಟ್ ಸಾಮಾನ್ಯ ಶಿಕ್ಷಣವೂ ಬೇಕಲ್ಲ, ಅದನ್ನು ಇಲ್ಲಿ ಮತ್ತೆ ಓದಲು ನನಗೆ ಮನಸ್ಸಿರಲಿಲ್ಲ. ಮೊಹರು ಹಾಕಿದ ಲಕೋಟೆಯಲ್ಲಿ ಅಂಕಪಟ್ಟಿ ತರಿಸಲು ನನ್ನ ತಮ್ಮ ವಿಶ್ವವಿದ್ಯಾಲಯದ ಕಚೇರಿಗೆ ಅಲೆದದ್ದು ತಿಂಗಳುಗಟ್ಟಲೆ. ಮೌಲ್ಯಮಾಪನಕ್ಕೆ ಇನ್ನೂರು ಡಾಲರಿನಷ್ಟು ಕೊಟ್ಟ ನೆನಪು. ಮೂರು ವರ್ಷದ ಪದವಿ ಇಲ್ಲಿನ ಪದವಿಗೆ ಸಮವಲ್ಲ ಎಂದು ಮೌಲ್ಯಮಾಪನ ಮಾಡಿದವರು ಹೇಳಿದರು. ಅದರಿಂದ ನನಗೇನೂ ನಷ್ಟವಿಲ್ಲ, ಏಕೆಂದರೆ ನಾನು ಕೇಳಿದ್ದು ವಿಷಯವಾರು ವರದಿ. ಐಚ್ಛಿಕ ಕನ್ನಡ ಮಾನವಿಕ ವಿಭಾಗಕ್ಕೆ ಸಂದಿತು, ಇತಿಹಾಸ ಮತ್ತು ಅರ್ಥಶಾಸ್ತ್ರ ಸಮಾಜವಿಜ್ಞಾನಕ್ಕೆ ಸಂದವು, ಇಂಗ್ಲಿಷ್ ಇಂಗ್ಲಿಷ್‌ಗೆ. ಗಣಿತ ಅಥವಾ ವಿಜ್ಞಾನದ ಒಂದು ಕೋರ್ಸ್ ಮಾತ್ರ ಇಲ್ಲಿ ಓದಬೇಕಾಯಿತು. ವಿಷಯವಾರು ವರದಿ ಕೇಳದೆ ಪದವಿಯ ಸಮಾನತೆಯ ಪತ್ರವೊಂದನ್ನೇ ತರಿಸಿ, ದುಪ್ಪಟ್ಟು ಖರ್ಚು ಮಾಡಿದವರನ್ನು ನಾನು ಬಲ್ಲೆ.

ಹಣದ ವಿಷಯವನ್ನು ಬಿಡಿಸಿಯೇ ಹೇಳುತ್ತೇನೆ. ಕನ್ಸಾರ್ಷಿಯಂನ ಹಣ ಮುಂಗಡವಾಗಿ ಬರುವುದಿಲ್ಲ; ನಾವು ಶುಲ್ಕ ಕಟ್ಟಿ, ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಪಡೆದು ಕಾಯಬೇಕು. ಆರು ಯೂನಿಟ್‌ಗೆ 276 ಡಾಲರ್, ಅದರ ಮೇಲೆ ಆರೋಗ್ಯ ಶುಲ್ಕ. ಒಟ್ಟು ಮುನ್ನೂರು ಡಾಲರನ್ನು ಮನೆಖರ್ಚಿನಿಂದ ಬೇರೆ ತೆಗೆದಿಟ್ಟು, ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಅದನ್ನೇ ತಿರುಗಿಸಿದೆ. ನನಗೆ ಹಿಂದಿರುಗಿ ಬಂದದ್ದು ಯೂನಿಟ್ ಶುಲ್ಕದ ಅರ್ಧಕ್ಕೂ ತುಸು ಹೆಚ್ಚು. ಒಂದು ಸೆಮಿಸ್ಟರಿನಲ್ಲಿ ಏನೂ ಬರಲಿಲ್ಲ: ಕೇಂದ್ರದವರು ಕೊಟ್ಟ ಉದ್ಯೋಗ ದೃಢೀಕರಣ ತಡವಾಗಿ ತಲುಪುವ ಹೊತ್ತಿಗೆ ನಮ್ಮ ಕಾಲೇಜಿನ ಪಾಲಿನ ಯೂನಿಟ್‌ಗಳು ಹಂಚಿ ಮುಗಿದಿದ್ದವು. ಆ ಮೇಲಿಂದ ದೃಢೀಕರಣ ಪತ್ರವನ್ನು ನಾನೇ ಟೈಪ್ ಮಾಡಿ, ಸಹಿಗೆ ಮಾತ್ರ ಮುಂದಿಡುತ್ತೇನೆ, ತರಗತಿ ಆರಂಭವಾದ ಮೊದಲ ವಾರದಲ್ಲೇ.

ಉಳಿದ ಕೊರತೆ ತುಂಬಿದ್ದು ಕೌಂಟಿಯ ಪ್ರೋತ್ಸಾಹಧನ. ಪ್ರತಿ ಕೌಂಟಿಯಲ್ಲಿ ಪುಟ್ಟ ಮಕ್ಕಳಿಗಾಗಿ ಇರುವ ಫಸ್ಟ್ 5 ಆಯೋಗ ಮತ್ತು ಮಕ್ಕಳ ಆರೈಕೆಯ ಯೋಜನಾ ಮಂಡಳಿ ಏನು ಕೊಡುತ್ತಿವೆ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ವಿಚಾರಿಸಬೇಕು. ಫಸ್ಟ್ 5ಗೆ 1998ರ ಪ್ರಾಪೊಸಿಷನ್ 10ರ ತಂಬಾಕು ತೆರಿಗೆಯಿಂದ ಹಣ ಬರುವುದರಿಂದ, ಆ ಆದಾಯ ಇಳಿದಂತೆ ಯೋಜನೆಗಳೂ ಬದಲಾಗುತ್ತವೆ. ನನಗೆ ಅಲ್ಲಿಂದ ಒಟ್ಟು ಏಳೆಂಟುನೂರು ಡಾಲರ್ ಬಂತು. ಪರ್ಮಿಟ್ ಅರ್ಜಿಯ ಶುಲ್ಕವನ್ನೂ ಕನ್ಸಾರ್ಷಿಯಂ ಭರಿಸಿತು. ತೆರಿಗೆ ತುಂಬುವಾಗ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಮರೆಯಬೇಡಿ: ಹಿಂದಿರುಗಿ ಬಂದ ಹಣವನ್ನು ಕಳೆದು, ನಾವೇ ಕಟ್ಟಿದ ಶುಲ್ಕದ ಶೇಕಡ 20ರಷ್ಟು ತೆರಿಗೆಯಲ್ಲಿ ಇಳಿಯುತ್ತದೆ, ಮನೆಯ ಆದಾಯ ಅವರ ಮಿತಿಯೊಳಗಿದ್ದರೆ. ಪುಸ್ತಕಕ್ಕೆ ನಾನು ಹೆಚ್ಚು ಕೊಡಲಿಲ್ಲ. ಪಠ್ಯಪುಸ್ತಕದ ಖರ್ಚಿಲ್ಲ ಎಂಬ ಗುರುತಿರುವ ತರಗತಿಗಳನ್ನೇ ಹುಡುಕಿ ಹಿಡಿದೆ.

ಆದರೆ ಅಂಥ ತರಗತಿಗಳಿಗೆ ನೂಕುನುಗ್ಗಲು. ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ 2025-26ರ ಹೊತ್ತಿಗೆ ಶಾಲೆಯಲ್ಲೇ, ಕಿಂಡರ್‌ಗಾರ್ಟನ್‌ಗೆ ಮುಂಚಿನ ಒಂದು ವರ್ಷದ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್ ಎಂದು ರಾಜ್ಯ ನಿರ್ಧರಿಸಿದ ಮೇಲೆ, ಅಲ್ಲಿನ ಶಿಕ್ಷಕರಿಗೂ 24 ಯೂನಿಟ್ ಅಥವಾ ಅದಕ್ಕೆ ಸಮನಾದದ್ದು ಬೇಕಾಯಿತು. ಪ್ರಾಥಮಿಕ ಶಾಲೆಯ ಟೀಚರುಗಳೆಲ್ಲ ಸಂಜೆಯ ಆನ್‌ಲೈನ್ ತರಗತಿಗಳಿಗೆ ಮುಗಿಬಿದ್ದರು. ಕಾಯುವ ಪಟ್ಟಿಯಲ್ಲಿದ್ದರೂ ಮೊದಲ ದಿನವೇ ತರಗತಿಗೆ ಹಾಜರಾಗಿ, ಅಧ್ಯಾಪಕರಿಗೆ ಬರೆದು, ಜಾಗ ಸಿಗುವವರೆಗೆ ಮನೆಗೆಲಸವನ್ನೂ ಒಪ್ಪಿಸುತ್ತಿದ್ದೆ. ಇದು ಒಮ್ಮೆಯೂ ಕೈಕೊಟ್ಟಿಲ್ಲ.

ಎಂಟು ಕೋರ್ಸುಗಳಲ್ಲಿ ಏಳನ್ನು ಕೆಲಸ ಬಿಡದೆ ಮುಗಿಸಬಹುದು. ಪ್ರಾಕ್ಟಿಕಂ, ಅಂದರೆ ಮಕ್ಕಳ ತರಗತಿಯಲ್ಲಿ ಕಲಿಸುವ ಅಭ್ಯಾಸದ ಕೋರ್ಸ್, ಬೇರೆಯದೇ ಮಾತು. ಮಕ್ಕಳಿರುವ ಹೊತ್ತಿನಲ್ಲೇ ಅದನ್ನು ಮಾಡಬೇಕು, ಅದೇ ಹೊತ್ತು ನಮ್ಮ ಕೆಲಸದ ಹೊತ್ತು. ಐವತ್ತು ಗಂಟೆಗೂ ಮೇಲ್ಪಟ್ಟ ಆ ಅವಧಿಯ ಕೂಲಿ ಕಳೆದುಕೊಂಡರೆ, ಶುಲ್ಕದಲ್ಲಿ ಉಳಿಸಿದ್ದೆಲ್ಲ ಅಲ್ಲಿಗೆ ಸಮ. ಮೊದಲ ಸಲ ಹೆಸರು ಹಚ್ಚಿದಾಗ ಕೇಂದ್ರ ರಜೆ ಕೊಡಲಿಲ್ಲ, ಕೋರ್ಸ್ ಕೈಬಿಡಬೇಕಾಯಿತು. ಎರಡನೆಯ ಸಲ ಕಾಲೇಜೇ ನಡೆಸುವ ಮಕ್ಕಳ ಕೇಂದ್ರದ ಬದಲು, ಅನುಭವಿ ಟೀಚರುಗಳ ಬಳಿ ಅಭ್ಯಾಸ ಮಾಡಿಸುವ ಕ್ಯಾಲಿಫೋರ್ನಿಯಾ ಅರ್ಲಿ ಚೈಲ್ಡ್‌ಹುಡ್ ಮೆಂಟರ್ ಪ್ರೋಗ್ರಾಮಿನ ಟೀಚರೊಬ್ಬರ ತರಗತಿಯಲ್ಲಿ ಬೆಳಗಿನ ಹೊತ್ತು ಕೇಳಿ ಪಡೆದೆ. ನಮ್ಮಲ್ಲಿ ಯಾರಿಗೂ ಬೇಡವಾದ ಸಂಜೆ ಮುಚ್ಚುವ ಪಾಳಿಯನ್ನು ಇಡೀ ಸೆಮಿಸ್ಟರ್ ನಾನೇ ಹೊರುತ್ತೇನೆ ಎಂದಾಗ ನಿರ್ದೇಶಕಿ ಒಪ್ಪಿದರು. ಕೂಲಿ ಹೆಚ್ಚೇನೂ ತಪ್ಪಲಿಲ್ಲ. ಆ ಮೆಂಟರ್ ಟೀಚರ್ ಜಗಳವಾಡುವ ಮಕ್ಕಳ ನಡುವೆ ಮೊಣಕಾಲೂರಿ ಕೂತು, ಇಬ್ಬರ ಮಾತೂ ಮುಗಿಯುವವರೆಗೆ ಆಟಿಕೆಯನ್ನು ತಾನೇ ಹಿಡಿದುಕೊಂಡಿರುತ್ತಿದ್ದ ರೀತಿ ನನಗೆ ಪುಸ್ತಕದಲ್ಲಿ ಸಿಕ್ಕಿರಲಿಲ್ಲ.

ಪಠ್ಯಕ್ರಮದ ಕೋರ್ಸಿಗಾಗಿ ಅಳಗುಳಿಮಣೆಯನ್ನು ಎಣಿಕೆಯ ಆಟವಾಗಿ ಪ್ರಯತ್ನಿಸಿದ್ದೂ ಇಲ್ಲಿ ಬರಲಿ. ಮೊಟ್ಟೆಯ ಎರಡು ರಟ್ಟಿನ ತಟ್ಟೆಗಳನ್ನು ಕತ್ತರಿಸಿ ಏಳೇಳು ಗುಳಿಯ ಎರಡು ಸಾಲು ಮಾಡಿದೆ. ಹುಣಸೆಬೀಜ ಮಾತ್ರ ನಡೆಯಲಿಲ್ಲ. ಗಂಟಲಲ್ಲಿ ಸಿಕ್ಕೀತೇ ಎಂದು ಪರೀಕ್ಷಿಸುವ ಒಂದೂಕಾಲು ಇಂಚು ಅಗಲದ ಕೊಳವೆಯೊಳಗೆ ಅದು ಸಲೀಸಾಗಿ ಇಳಿದುಹೋಯಿತು. ದಪ್ಪ ಮರದ ಮಣಿಗಳನ್ನು ಕೊಟ್ಟೆ. ನಾಲ್ಕು ವರ್ಷದ ಮಕ್ಕಳು ಗುಳಿಗೊಂದರಂತೆ ಹಾಕುತ್ತ ಹೋಗುವುದನ್ನು ಬೇಗ ಕಲಿತರು, ಗೆಲ್ಲುವ ಲೆಕ್ಕ ಅವರಿಗೆ ಬೇಕಾಗಲೇ ಇಲ್ಲ. ಆ ವೀಕ್ಷಣಾ ಟಿಪ್ಪಣಿಯನ್ನೇ ಮುಂದೆ ವೀಕ್ಷಣೆ ಮತ್ತು ಮೌಲ್ಯಮಾಪನದ ಕೋರ್ಸಿನಲ್ಲಿ, ಮಕ್ಕಳ ಬೆಳವಣಿಗೆಯನ್ನು ಗುರುತಿಸುವ ರಾಜ್ಯದ ಅಳತೆಪಟ್ಟಿಯಾದ ಡಿಆರ್‌ಡಿಪಿ ಅಭ್ಯಾಸಕ್ಕೂ ಬಳಸಿಕೊಂಡೆ.

ಇನ್ನೊಂದು ಮಾತು. 24 ಮುಗಿಯುವವರೆಗೆ ಕಾಯದೆ, 12 ಯೂನಿಟ್ ಆದ ಕೂಡಲೇ ಅಸೋಸಿಯೇಟ್ ಟೀಚರ್ ಪರ್ಮಿಟ್‌ಗೆ ಅರ್ಜಿ ಹಾಕಿ. ಬೇಕಾದ ಅನುಭವ ದಿನಕ್ಕೆ ಮೂರು ಗಂಟೆಯಂತೆ 50 ದಿನ ಮಾತ್ರ; ಟೀಚರ್ ಪರ್ಮಿಟ್‌ಗೆ 175 ದಿನ. ನನಗೆ ಆಗಲೇ ಗಂಟೆಗೆ ಒಂದೂವರೆ ಡಾಲರ್ ಏರಿತು, ಉಳಿದ ಓದಿನ ಖರ್ಚು ಆ ಏರಿಕೆಯಲ್ಲೇ ನಡೆಯಿತು. ಮಾಸ್ಟರ್ ಟೀಚರ್ ಪರ್ಮಿಟ್‌ಗೆ ಒಂದೇ ವಿಷಯದಲ್ಲಿ ಆರು ಯೂನಿಟ್ ಮತ್ತು ವಯಸ್ಕರ ಮೇಲ್ವಿಚಾರಣೆಯ ಎರಡು ಯೂನಿಟ್ ಇನ್ನೂ ಬೇಕು. ಎರಡು ಯೂನಿಟ್‌ನ ಕೋರ್ಸಿಗೆ ಹೆಸರು ಹಚ್ಚಿದ್ದೇನೆ, ದೃಢೀಕರಣ ಪತ್ರ ಸಹಿಯಾಗಿ ಬಂದಿದೆ.